ಓಲೆಯ ಕೊಂಡಿ ಬಿಚ್ಚಿಕೊಳ್ಳುತ್ತದೆ, ಹಾಗಾದರೆ ಯಾವ ತಂತಿ ಕೊಳ್ಳಬೇಕು?

ಶಿಡ್ಲಘಟ್ಟದ ನಿಮ್ಮ ಮನೆಯಲ್ಲೇ ತಂತಿ ಮತ್ತು ಮಣಿಗಳಿಂದ ಓಲೆ ಕಟ್ಟಲು ಶುರುಮಾಡಿದ್ದೀರಿ. ಇಪ್ಪತ್ತು ಗೇಜಿನ ತಾಮ್ರದ ತಂತಿ ತರಿಸಿದರೆ ಅದು ಮುತ್ತಿನ ತೂತಿಗೆ ಹೋಗುತ್ತಿಲ್ಲ, ಕೊಂಡಿಗಳು ಎರಡು ದಿನಕ್ಕೇ ಬಿಚ್ಚಿಕೊಳ್ಳುತ್ತಿವೆ, ತೊಟ್ಟವರಿಗೆ ಕಿವಿ ನವೆಯಾಗುತ್ತಿದೆ ಎಂದು ಬರೆದಿದ್ದೀರಿ. ತಂತಿ ಒಂದೇ ಆದರೂ ಮೂರು ತೊಂದರೆಗಳಿಗೆ ಮೂರು ಕಾರಣಗಳಿವೆ: ಮೊದಲನೆಯದಕ್ಕೆ ದಪ್ಪ, ಎರಡನೆಯದಕ್ಕೆ ಹದ (ತಂತಿ ಎಷ್ಟು ಮೆದು, ಎಷ್ಟು ಗಟ್ಟಿ ಎಂಬುದು), ಮೂರನೆಯದಕ್ಕೆ ಲೋಹ. ಹೊಸಬರು ದಪ್ಪವನ್ನಷ್ಟೇ ವಿಚಾರಿಸುತ್ತಾರೆ, ನಾನೂ ಹಾಗೆಯೇ ಮಾಡಿದ್ದೆ. ಆದರೆ ಒಡವೆ ಬಾಳುವುದೂ ಕೆಡುವುದೂ ಬಹುಮಟ್ಟಿಗೆ ಹದದಿಂದಲೇ ಎಂಬುದು ನನ್ನ ಅನುಭವ.

ದಪ್ಪದ ವಿಷಯವನ್ನು ಬೇಗ ಮುಗಿಸುತ್ತೇನೆ. ಗೇಜಿನ ಸಂಖ್ಯೆ ಹೆಚ್ಚಿದಂತೆ ತಂತಿ ತೆಳುವಾಗುತ್ತದೆ ಎಂಬುದು ನಿಮಗೆ ಗೊತ್ತಿರಬಹುದು, ಆದರೆ ಗೇಜಿನಲ್ಲೇ ಎರಡು ಪದ್ಧತಿಗಳಿವೆ. ಅಮೆರಿಕದ ಲೆಕ್ಕದಲ್ಲಿ 20 ಗೇಜ್ ಎಂದರೆ 0.81 ಮಿಲಿಮೀಟರ್, ನಮ್ಮ ಅಂಗಡಿಗಳಲ್ಲಿ ನಡೆಯುವ ಎಸ್‌ಡಬ್ಲ್ಯುಜಿ ಎಂಬ ಬ್ರಿಟಿಷ್ ಲೆಕ್ಕದಲ್ಲಿ ಅದೇ 20 ಎಂದರೆ 0.91 ಮಿಲಿಮೀಟರ್. ಅಮೆರಿಕದ ಲೆಕ್ಕ ಹಿಡಿದ ವಿಡಿಯೋ ನೋಡಿ, ಅದರಲ್ಲಿ ಹೇಳಿದ ಸಂಖ್ಯೆಯನ್ನು ಇಲ್ಲಿಯ ಅಂಗಡಿಯಲ್ಲಿ ಹೇಳಿ ತಂದರೆ ಮಣಿಯ ತೂತು ಸಾಲದೆ ಹೋಗುವುದು ಸಹಜ. ಆದ್ದರಿಂದ ಮಿಲಿಮೀಟರಿನಲ್ಲಿ ಕೇಳಿ. ಓಲೆಯ ಚೌಕಟ್ಟಿಗೆ 1 ಮಿಲಿಮೀಟರ್, ಕಿವಿಗೆ ಹೋಗುವ ಕೊಕ್ಕೆಗೆ 0.8, ಮಣಿ ಪೋಣಿಸಿ ಕೊಂಡಿ ಮಾಡಲು 0.6, ಸುತ್ತಿ ಬಿಗಿಯಲು ಮತ್ತು ಮುತ್ತಿಗೆ 0.4 ಅಥವಾ 0.3 ಇದ್ದರೆ ಸಾಕು.

ಅಭ್ಯಾಸದ ತಂತಿಗಾಗಿ ದೂರ ಹೋಗಬೇಕಾಗಿಲ್ಲ. ಸಾವಿರ ಅಡಿಗೂ ಆಳಕ್ಕೆ ಕೊಳವೆಬಾವಿ ಕೊರೆಸುವ ನಮ್ಮ ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಮೋಟಾರು ವೈಂಡಿಂಗ್ ಅಂಗಡಿಯಿಲ್ಲದ ಪೇಟೆಯೇ ಇಲ್ಲ, ಅಲ್ಲಿ ತಾಮ್ರದ ತಂತಿಯನ್ನು ತೂಕದ ಮೇಲೆ ಮಾರುತ್ತಾರೆ. 22 ಎಸ್‌ಡಬ್ಲ್ಯುಜಿ ತಂತಿ, ಅಂದರೆ 0.71 ಮಿಲಿಮೀಟರಿನದು, 100 ಗ್ರಾಮಿಗೆ ಸುಮಾರು 28 ಮೀಟರ್ ಸಿಗುತ್ತದೆ. ಆದರೆ ಅಲ್ಲಿ ಎನಾಮಲ್ ಲೇಪನದ ತಂತಿಯನ್ನೇ ಕೇಳಬೇಕು. ಸಬ್‌ಮರ್ಸಿಬಲ್ ಮೋಟಾರಿಗೆ ಹಾಕುವ ತಂತಿಯ ಮೈಗೆ ಪ್ಲಾಸ್ಟಿಕ್ ಪದರ ಸುತ್ತಿರುವುದರಿಂದ ಅದು ನಮ್ಮ ಕೆಲಸಕ್ಕೆ ಬಾರದು. ಬ್ಲೇಡಿನಿಂದ ತುದಿಯನ್ನು ಕೆರೆದು ನೋಡಿ, ಒಳಗೆ ಬಿಳಿ ಕಂಡರೆ ಅದು ಅಲ್ಯೂಮಿನಿಯಂ. ಸುಟ್ಟ ಮೋಟಾರಿನಿಂದ ಬಿಚ್ಚಿದ ತಂತಿಯನ್ನು ಪುಕ್ಕಟೆ ಕೊಟ್ಟರೂ ತರಬೇಡಿ. ನಾನು ಒಮ್ಮೆ ತಂದು, ಅದರ ಡೊಂಕುಗಳನ್ನು ನೆಟ್ಟಗೆ ಮಾಡುವಷ್ಟರಲ್ಲೇ ಒಂದು ಮಧ್ಯಾಹ್ನ ಕಳೆದಿದ್ದೇನೆ.

ಇನ್ನು ಹದದ ವಿಷಯ. ವೈಂಡಿಂಗ್ ತಂತಿಯನ್ನು ಮೋಟಾರಿನ ಒಳಗೆ ಸುಲಭವಾಗಿ ಮಡಚಲು ಬರುವಂತೆ ಮೆದುವಾಗಿಯೇ ತಯಾರಿಸಿರುತ್ತಾರೆ, ಆದ್ದರಿಂದ ಅದು ಬೆರಳು ಹೇಳಿದಂತೆ ಬಾಗುತ್ತದೆ, ಮತ್ತು ಅಷ್ಟೇ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ. ತಾಮ್ರ, ಬೆಳ್ಳಿ, ಹಿತ್ತಾಳೆ ಮೂರೂ ಬಾಗಿದಷ್ಟೂ, ಬಡಿದಷ್ಟೂ ಗಟ್ಟಿಯಾಗುವ ಲೋಹಗಳು. ಒಳಗಿನ ಹರಳುಗಳ ಜೋಡಣೆ ಸಿಕ್ಕುಸಿಕ್ಕಾಗಿ, ಮುಂದೆ ಜರುಗಲು ಜಾಗವಿಲ್ಲದಂತಾಗುವುದೇ ಇದಕ್ಕೆ ಕಾರಣ. ಇದನ್ನೇ ನಾವು ಬಳಸಿಕೊಳ್ಳಬೇಕು. ಒಂದು ಮೊಳ ತಂತಿಯ ಒಂದು ತುದಿಯನ್ನು ಬಾಗಿಲ ಚಿಲಕಕ್ಕೆ ಕಟ್ಟಿ, ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು ನಿಧಾನವಾಗಿ ಎಳೆದರೆ, ತಂತಿ ಸ್ವಲ್ಪ ಜಗ್ಗಿ, ಆಮೇಲೆ ಕೈಗೆ ಬಿಗಿಯಾಗಿ ನಿಲ್ಲುವುದು ಗೊತ್ತಾಗುತ್ತದೆ. ನೆಟ್ಟಗೂ ಆಗುತ್ತದೆ, ಗಟ್ಟಿಯೂ ಆಗುತ್ತದೆ. ಚೌಕಟ್ಟಿನ ಆಕಾರ ಮುಗಿದ ಮೇಲೆ ಅದನ್ನು ಕಬ್ಬಿಣದ ಮೇಲಿಟ್ಟು ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ. ಸುತ್ತಿಗೆಯಿಂದ ಹೊಡೆದರೆ ತಂತಿ ಚಪ್ಪಟೆಯಾಗುತ್ತದೆ. ಇದಕ್ಕೂ ಮಿತಿಯಿದೆ. ಒಂದೇ ಕಡೆ ನಾಲ್ಕೈದು ಸಲ ಬಾಗಿಸಿ ತಿದ್ದಿದರೆ ತಂತಿ ಅಲ್ಲೇ ಪಟಕ್ಕೆಂದು ಮುರಿಯುತ್ತದೆ. ಲೇಪನವಿಲ್ಲದ ತಾಮ್ರವಾದರೆ ಮಬ್ಬುಗೆಂಪಾಗುವವರೆಗೆ ಕಾಸಿ ನೀರಿಗೆ ಹಾಕಿದರೆ ಮತ್ತೆ ಮೆದುವಾಗುತ್ತದೆ, ಕಪ್ಪು ಹಿಡಿದದ್ದನ್ನು ಹುಣಸೆಹಣ್ಣಿನಿಂದ ತಿಕ್ಕಿದರೆ ಆಯಿತು. ಎನಾಮಲ್ ತಂತಿಯನ್ನು ಮಾತ್ರ ಕಾಸಬೇಡಿ, ಆ ಹೊಗೆ ಒಳ್ಳೆಯದಲ್ಲ.

ಕೊಂಡಿ ಬಿಚ್ಚಿಕೊಳ್ಳಲು ಹದದ ಜೊತೆಗೆ ಕೈಯ ತಪ್ಪೂ ಇರಬಹುದು. ಅಂಗಡಿಯವರು ಜಂಪ್ ರಿಂಗ್ ಎನ್ನುವ ಬಿಡಿ ಕೊಂಡಿಯನ್ನು ಎಡಕ್ಕೂ ಬಲಕ್ಕೂ ಹಿಗ್ಗಿಸಿ ತೆರೆದರೆ ಅದರ ದುಂಡು ಕೆಟ್ಟು, ಮತ್ತೆಂದೂ ತುದಿಗಳು ಕೂಡುವುದಿಲ್ಲ. ಎರಡು ಇಕ್ಕಳಗಳಲ್ಲಿ ಎರಡು ತುದಿ ಹಿಡಿದು, ಒಂದನ್ನು ನಿಮ್ಮ ಕಡೆಗೆ, ಇನ್ನೊಂದನ್ನು ಆಚೆಗೆ ತಿರುಗಿಸಿ ತೆರೆಯಿರಿ. ಮುಚ್ಚುವಾಗ ತುದಿಗಳು ಒಂದನ್ನೊಂದು ಕೊಂಚ ದಾಟಿ ಹೋಗುವಂತೆ ಮಾಡಿ ಹಿಂದಕ್ಕೆ ತಂದರೆ, ಅವು ತಾವಾಗಿಯೇ ಒತ್ತಿಕೊಂಡು ನಿಲ್ಲುತ್ತವೆ. ಭಾರದ ಮಣಿಯಿದ್ದರೆ ಬರಿಯ ಕೊಂಡಿಯನ್ನು ನಂಬದೆ, ಉಳಿದ ತಂತಿಯನ್ನು ಅದರ ಕುತ್ತಿಗೆಗೆ ಎರಡು ಮೂರು ಸುತ್ತು ಸುತ್ತಿ ಕತ್ತರಿಸಿ.

ಕಿವಿಯ ನವೆಗೆ ತಾಮ್ರಕ್ಕಿಂತ ನಿಕಲ್ ಮೇಲೆ ನನಗೆ ಹೆಚ್ಚು ಅನುಮಾನ. ತಾಮ್ರ ಬೆವರಿನೊಡನೆ ಸೇರಿ ಚರ್ಮಕ್ಕೆ ಹಸಿರು ಬಣ್ಣ ಹತ್ತಿಸುತ್ತದೆ, ಅದು ತೊಳೆದರೆ ಹೋಗುತ್ತದೆ. ನೀವು ಕೊಕ್ಕೆಗಳನ್ನು ಸಿದ್ಧವಾಗಿ ಕೊಂಡಿದ್ದರೆ ಅವು ಜರ್ಮನ್ ಸಿಲ್ವರ್ ಆಗಿರಬಹುದು. ಅದರ ಹೆಸರಿನಲ್ಲಿ ಬೆಳ್ಳಿಯಿದೆ, ಲೋಹದಲ್ಲಿ ಇರುವುದು ತಾಮ್ರ, ಸತು, ನಿಕಲ್. ನಾನು ಕೊಕ್ಕೆಗೆ ಮಾತ್ರ 92.5ರ ಬೆಳ್ಳಿಯನ್ನೇ ಬಳಸುತ್ತೇನೆ. ಅದನ್ನು ನಮ್ಮೂರಿನ ಅಕ್ಕಸಾಲಿಗರೊಬ್ಬರು ಕಂಬಚ್ಚು ಎಂಬ ಉಕ್ಕಿನ ಪಟ್ಟಿಯ ಕಿರಿದಾಗುತ್ತ ಹೋಗುವ ತೂತುಗಳಲ್ಲಿ ಒಂದೊಂದಾಗಿ ಎಳೆದು 0.8 ಮಿಲಿಮೀಟರಿಗೆ ಇಳಿಸಿಕೊಡುತ್ತಾರೆ. ಮೊದಲ ಸಲ ಅವರು ಕೊನೆಯಲ್ಲಿ ಕಾಸಿ ಕೊಟ್ಟಿದ್ದರು, ಕೊಕ್ಕೆಗಳೆಲ್ಲ ಕಿವಿಯಲ್ಲೇ ನೆಟ್ಟಗಾದವು. ತಪ್ಪು ನನ್ನದು, ನಾನು ಹೇಳಿರಲಿಲ್ಲ. ಈಗ ಕೊನೆಯ ಎರಡು ಮೂರು ತೂತುಗಳಲ್ಲಿ ಎಳೆದ ಮೇಲೆ ಕಾಸಬೇಡಿ ಎಂದು ಮೊದಲೇ ಹೇಳುತ್ತೇನೆ, ತಂತಿ ಅರೆಗಟ್ಟಿಯಾಗಿ ಬರುತ್ತದೆ.

ಕೊಕ್ಕೆಯ ತುದಿಯನ್ನು ಕತ್ತರಿಸಿದಂತೆಯೇ ಬಿಟ್ಟರೆ ಅದು ಕಿವಿಯ ಒಳಭಾಗವನ್ನು ಗೀರಿ ನವೆ ತರುತ್ತದೆ, ಆದ್ದರಿಂದ ಉಗುರು ಉಜ್ಜುವ ಅರದಿಂದ ಅದನ್ನು ದುಂಡಗೆ ಮಾಡಿ. ಸಾಕಾಯಿತೋ ಇಲ್ಲವೋ ಎಂದು ತಿಳಿಯಲು ನಿಮ್ಮೂರಿನಲ್ಲಿ ಧಾರಾಳವಾಗಿ ಸಿಗುವ ಕಚ್ಚಾ ರೇಷ್ಮೆಯ ಒಂದು ಸಣ್ಣ ಲಡಿಯ ಮೇಲೆ ಆ ತುದಿಯನ್ನು ಎಳೆದು ನೋಡಿ. ಒಂದೇ ಒಂದು ಎಳೆ ಸಿಕ್ಕಿಕೊಂಡರೂ ಇನ್ನೂ ಉಜ್ಜಬೇಕು.