ಮನಃಶಾಸ್ತ್ರಕ್ಕೆ ಲಕ್ಷಗಟ್ಟಲೆ ಜನರ ಡೇಟಾ ಯಾಕೆ?

ನೂರು ಜನರ ಸರ್ವೆ ಸಾಕಲ್ವಾ, ಲಕ್ಷಗಟ್ಟಲೆ ಜನರ ಡೇಟಾದಿಂದ ಹೊಸದಾಗಿ ಏನು ತಿಳಿಯುತ್ತದೆ ಅಂತ ಕೇಳಿದ್ದೀರಿ. ಮೊಬೈಲಿನ ಉದಾಹರಣೆಯನ್ನೇ ತಗೊಳ್ಳಿ.

ಮೊಬೈಲು, ಟಿವಿ, ಕಂಪ್ಯೂಟರಿನಿಂದ ಮಕ್ಕಳ ಮನಸ್ಸು ಕೆಡುತ್ತಿದೆ ಅನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತು. ಆಗ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಮನಃಶಾಸ್ತ್ರ ಸಂಶೋಧಕರಾದ ಆಮಿ ಓರ್ಬೆನ್ ಮತ್ತು ಆಂಡ್ರೂ ಶಿಬಿಲ್ಸ್ಕಿ 2019ರಲ್ಲಿ ಇದನ್ನು ಅಮೆರಿಕ, ಬ್ರಿಟನ್ನಿನ ಮೂರು ದೊಡ್ಡ ಸರ್ವೆಗಳಲ್ಲಿ ಪರೀಕ್ಷಿಸಿದರು. ಒಟ್ಟು 3,55,358 ಹದಿಹರೆಯದವರು. ಇವುಗಳ ಬಳಕೆ ಹೆಚ್ಚಿದ್ದ ಕಡೆ ನೆಮ್ಮದಿ ಕಡಿಮೆ ಅನ್ನುವ ನಂಟು ಇತ್ತು, ನಿಜ. ಆದರೆ ಮಕ್ಕಳ ನೆಮ್ಮದಿಯ ಏರುಪೇರಿನಲ್ಲಿ ಅದರ ಪಾಲು ಹೆಚ್ಚೆಂದರೆ ಶೇ 0.4. ಆಲೂಗಡ್ಡೆ ತಿನ್ನುವುದಕ್ಕೂ ನೆಮ್ಮದಿಗೂ ಹೆಚ್ಚುಕಡಿಮೆ ಅಷ್ಟೇ ನಂಟು! ಕನ್ನಡಕ ಹಾಕುವುದಕ್ಕೆ ಇನ್ನೂ ಜಾಸ್ತಿ.

ನನಗೆ ಹಿಡಿಸಿದ್ದು ಅವರ ವಿಧಾನ. ಒಂದೇ ಡೇಟಾವನ್ನು ನಾನಾ ರೀತಿ ಲೆಕ್ಕ ಹಾಕಬಹುದು. ಯಾವ ಪ್ರಶ್ನೆಯನ್ನು ನೆಮ್ಮದಿಯ ಅಳತೆ ಅಂತ ಹಿಡಿಯಬೇಕು? ಮನೆಯ ಹಿನ್ನೆಲೆಯನ್ನು ಸೇರಿಸಬೇಕಾ, ಬಿಡಬೇಕಾ? ಬೇಕಾದ ಉತ್ತರ ಕೊಡುವ ಲೆಕ್ಕವನ್ನಷ್ಟೇ ಆರಿಸಿ ತೋರಿಸುವುದು ಬಹಳ ಸುಲಭ. ಇವರು ಸಾವಿರಾರು ರೀತಿಯಲ್ಲಿ ಲೆಕ್ಕ ಹಾಕಿ, ಎಲ್ಲವನ್ನೂ ಒಟ್ಟಿಗೆ ಮುಂದಿಟ್ಟರು.

ಇನ್ನೊಂದು ಎಚ್ಚರಿಕೆ. ಲಕ್ಷ ಜನರಿದ್ದಾಗ ಕೂದಲೆಳೆಯಷ್ಟು ನಂಟೂ ಅಂಕಿಅಂಶದಲ್ಲಿ ಎದ್ದು ಕಾಣುತ್ತದೆ. ಹಾಗಾಗಿ ನಂಟು ಇದೆಯಾ ಅಂತ ಕೇಳಿದರೆ ಸಾಲದು, ಎಷ್ಟಿದೆ ಅಂತ ಕೇಳಬೇಕು. ಮೊಬೈಲಿನಿಂದ ಬೇಸರವೋ, ಬೇಸರದಿಂದ ಮೊಬೈಲೋ ಅನ್ನುವುದು ಇಂಥ ಡೇಟಾದಿಂದ ತಿಳಿಯುವುದಿಲ್ಲ. ಅದಕ್ಕೆ ಪ್ರಯೋಗ ಬೇಕು, ಇಲ್ಲವೇ ಅದೇ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಬೇಕು. ನಿಮ್ಮ ನೂರು ಜನರ ಸರ್ವೆಯನ್ನು ಸುಮ್ನೆ ಬಿಡಬೇಡಿ. ಅವರ ಜೊತೆ ಕೂತು ವಿವರವಾಗಿ ಮಾತಾಡಿ, ಅದು ಲಕ್ಷ ಜನರ ಜೊತೆ ಆಗದ ಕೆಲಸ.