ಮಡಿಕೇರಿ ಕಡೆ ಅಮ್ಮನಿಗೆ ವೃದ್ಧಾಶ್ರಮ ನೋಡುತ್ತಿದ್ದೇವೆ, ಆರೈಕೆ ಚೆನ್ನಾಗಿದೆಯಾ ಅಂತ ತಿಳಿಯೋದು ಹೇಗೆ?

ಕಟ್ಟಡ ಬಿಡಿ, ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರುತ್ತಾರೆ ಅಂತ ಕೇಳಿ. ಹಾಸಿಗೆ ಹಿಡಿದವರನ್ನು ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು, ಇಲ್ಲದಿದ್ದರೆ ಭಾರ ಬಿದ್ದ ಕಡೆ ರಕ್ತ ಸರಿಯಾಗಿ ಓಡದೆ ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. 20 ಜನಕ್ಕೆ ಒಬ್ಬಳೇ ಆಯಾ ಇದ್ದರೆ, ಅವಳು ಎಷ್ಟೇ ಒಳ್ಳೆಯವಳಾದರೂ ಅದು ಆಗದ ಮಾತು.

ಆಯಾಗಳು ಎಷ್ಟು ವರ್ಷದಿಂದ ಇದ್ದಾರೆ ಅಂತಲೂ ಕೇಳಿ. ಪದೇ ಪದೇ ಬದಲಾಗುತ್ತಿದ್ದರೆ ಸಂಬಳವೋ ಮ್ಯಾನೇಜ್‌ಮೆಂಟೋ ಸರಿಯಿಲ್ಲ ಅಂತಲೇ ಲೆಕ್ಕ. ಆಮೇಲೆ 'ಅಜ್ಜಿ ಇವತ್ತು ಯಾಕೋ ಊಟ ಬಿಟ್ಟರು' ಅಂತ ಗಮನಿಸುವವರೇ ಇರುವುದಿಲ್ಲ.

ಸಾಧ್ಯವಾದರೆ ಜುಲೈ ಮಳೆಯಲ್ಲಿ, ಹೇಳದೆ ನೋಡೋಕೆ ಹೋಗಿ. ಬಟ್ಟೆ ಒಣಗದ, ಕರೆಂಟ್ ಇಲ್ಲದ ದಿನ ಹಾಸಿಗೆ ಮುಟ್ಟಿ ನೋಡಿ. ದೊಡ್ಡಮ್ಮನಿಗೆ ನಾವು ನೋಡಿದ್ದು ಡಿಸೆಂಬರ್‌ನಲ್ಲಿ, ಒಳ್ಳೆ ಬಿಸಿಲಿತ್ತು, ಮೋಸ ಹೋದೆವು.