ಅಮ್ಮನಿಗೆ ಯಾಕೆ ಅಂಕ ಕಡಿಮೆ ಬಂತು?

ಪತ್ರ: ಶಂಕರಪುರದ ಹತ್ತಿರ ನಮ್ಮ ಮನೆ. ಅಮ್ಮನಿಗೆ 72 ವರ್ಷ. ಮಲ್ಲಿಗೆ ಕಟ್ಟಿಯೇ ನಮ್ಮನ್ನೆಲ್ಲ ಓದಿಸಿದವರು. ಕಳೆದ ತಿಂಗಳು ಮನಃಶಾಸ್ತ್ರ ಓದುವ ಹುಡುಗಿಯೊಬ್ಬಳು ಪ್ರಶ್ನೆಗಳ ಹಾಳೆ ಹಿಡಿದು ಬಂದಿದ್ದಳು. ‘ಬದುಕಿನ ಉದ್ದೇಶ’ ಅಳೆಯುವುದಂತೆ. ಅಮ್ಮನಿಗೆ ತೀರಾ ಕಡಿಮೆ ಅಂಕ. ಅಮ್ಮ ನಕ್ಕುಬಿಟ್ಟರು, ನನಗೆ ಮಾತ್ರ ಕಸಿವಿಸಿ. ಅಮೆರಿಕದ ಅಳತೆಗೋಲು ಉಡುಪಿಗೆ ಹೊಂದುತ್ತಾ? ಹಾಳೆಯ ಪ್ರತಿ ಜೊತೆಗಿಟ್ಟಿದ್ದೇನೆ.
– ಓದುಗಿ, ಉಡುಪಿ ಜಿಲ್ಲೆ

ಸಂಪಾದಕರ ಉತ್ತರ:

ಹಾಳೆ ಕಳಿಸಿದ್ದು ಒಳ್ಳೆಯದಾಯಿತು. ಅಂಕ ಎಲ್ಲಿ ಸೋರಿಹೋಯಿತು ಅಂತ ಅದರಲ್ಲೇ ಕಾಣುತ್ತದೆ. ‘ಬದುಕಿನಲ್ಲಿ ಮಾಡಬೇಕಾದ್ದೆಲ್ಲ ಮಾಡಿ ಮುಗಿಸಿದ್ದೇನೆ ಎಂದು ಕೆಲವೊಮ್ಮೆ ಅನ್ನಿಸುತ್ತದೆ’ ಎಂಬ ವಾಕ್ಯಕ್ಕೆ ನಿಮ್ಮ ಅಮ್ಮ ‘ಪೂರ್ತಿ ಒಪ್ಪುತ್ತೇನೆ’ ಅಂದಿದ್ದಾರೆ. ಅಮೆರಿಕದ ಮನಃಶಾಸ್ತ್ರಜ್ಞೆ ಕ್ಯಾರಲ್ ರಿಫ್ 1989ರಲ್ಲಿ ಪ್ರಕಟಿಸಿದ ಮಾಪನದ ವಾಕ್ಯ ಇದು. ಅಲ್ಲಿ ಒಪ್ಪಿದರೆ ಅಂಕ ಇಳಿಯುತ್ತದೆ. ಮುಂದೆ ಗುರಿಯೇ ಇಲ್ಲ ಎಂದು ಲೆಕ್ಕ. ನಮ್ಮಲ್ಲಿ ಮಕ್ಕಳ ಓದು, ಮದುವೆ ಮುಗಿದು, ಸಾಲ ತೀರಿದ ಮೇಲೆ ಜಗಲಿಯಲ್ಲಿ ಕೂತು ತುಳುವಿನಲ್ಲಿ ‘ಮಾತಾ ಆಂಡತ್ತಾ’, ಎಲ್ಲ ಆಯ್ತಲ್ಲ, ಅನ್ನುವುದು ಎಷ್ಟು ಹೆಮ್ಮೆಯ ಮಾತು, ಅಲ್ವಾ?

ಅದೇ ಮಾಪನದಲ್ಲಿ ಇನ್ನೊಂದಿದೆ: ‘ನಾಳೆಯ ಬಗ್ಗೆ ಯೋಚಿಸದೆ ಆಯಾ ದಿನದ ಬದುಕು ಬದುಕುತ್ತೇನೆ’. ಒಪ್ಪಿದರೆ ಮತ್ತೆ ಅಂಕ ಕಟ್. ಮಲ್ಲಿಗೆ ಮನೆಯವರು ಬೇರೆ ಹೇಗೆ ಬದುಕಬೇಕು ಮಾರಾಯ್ರೆ! ಮೊಗ್ಗು ಇವತ್ತಿನದು, ದರವೂ ಇವತ್ತಿನದು. ಬೆಳಕು ಹರಿಯುವಾಗ ಕೊಯ್ಯಬೇಕು, 800 ಮೊಗ್ಗು ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅರಳಿದ ಮೇಲೆ ಕೇಳುವವರಿಲ್ಲ.

ಇನ್ನು ‘ಉದ್ದೇಶ’ ಎಂಬ ಪದ. ನಾವು ಅದನ್ನು ಎಲ್ಲಿ ಬಳಸುತ್ತೇವೆ? ಬ್ಯಾಂಕಿನ ಫಾರಂನಲ್ಲಿ ‘ಸಾಲದ ಉದ್ದೇಶ’. ಜಗಳದಲ್ಲಿ ‘ನಿನ್ನ ಉದ್ದೇಶ ಏನು?’ ಹಳ್ಳಿಯ ಅಜ್ಜಿಯ ಹತ್ತಿರ ಹೋಗಿ ನಿಮ್ಮ ಬದುಕಿನ ಉದ್ದೇಶ ಏನು ಅಂದರೆ ಗಾಬರಿಯಾಗದೆ ಇರುತ್ತಾ? ‘ಸಾರ್ಥಕ’ ಅಂದಿದ್ದರೆ ಬೇರೆ ಮಾತು. ಆದರೆ ನೋಡಿ, ಉದ್ದೇಶ ಮುಂದಕ್ಕೆ ನೋಡುವ ಪದ, ಸಾರ್ಥಕ ಹಿಂದಕ್ಕೆ ನೋಡುವ ಪದ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಅಳೆಯುವ ವಸ್ತುವೇ ಬದಲಾಗುತ್ತದೆ. ಅನುವಾದಿಸಿದ ಪ್ರಶ್ನೆಯನ್ನು ಇನ್ನೊಬ್ಬರಿಂದ ಮತ್ತೆ ಮೂಲ ಭಾಷೆಗೆ ತರಿಸಿ ತಾಳೆ ನೋಡುವ ಪದ್ಧತಿ ಉಂಟು. ಪದ ತಪ್ಪಿದ್ದು ಅದರಲ್ಲಿ ಸಿಕ್ಕಿಬೀಳುತ್ತದೆ. ‘ಎಲ್ಲ ಆಯ್ತು’ ಎಂಬುದರ ಹಿಂದಿನ ನೆಮ್ಮದಿ ಸಿಕ್ಕುವುದಿಲ್ಲ.

ಜಪಾನಿನವರು ಒಂದು ಜಾಣತನ ಮಾಡಿದರು. ಓಸಾಕಿ ಎಂಬಲ್ಲಿ ನಲವತ್ತು ಸಾವಿರಕ್ಕೂ ಜಾಸ್ತಿ ಜನರಿಗೆ ತಮ್ಮದೇ ಪದದಲ್ಲಿ ಒಂದೇ ಪ್ರಶ್ನೆ ಕೇಳಿದರು: ನಿಮಗೆ ‘ಇಕಿಗಾಯ್’ ಇದೆಯಾ? ಬದುಕಬೇಕು ಅನ್ನಿಸುವಂಥದ್ದು ಏನಾದರೂ ಇದೆಯಾ ಎಂದು ಅದರ ಸುಮಾರು ಅರ್ಥ. ಏಳು ವರ್ಷದ ಲೆಕ್ಕ 2008ರಲ್ಲಿ ಹೊರಬಂತು. ಇಲ್ಲ ಎಂದವರಲ್ಲಿ ಸಾವಿನ ಪ್ರಮಾಣ ಜಾಸ್ತಿ ಇತ್ತು. ಹಾಗಾಗಿ ಈ ಅಳತೆಯೆಲ್ಲ ಸುಮ್ನೆ ಅಂತ ನಾನು ಹೇಳಲಾರೆ.

ದೇಶ ದೇಶಗಳನ್ನು ಹೋಲಿಸುವಾಗ ಮಾತ್ರ ಹುಷಾರಾಗಿರಬೇಕು. 2014ರಲ್ಲಿ ಓಯಿಶಿ ಮತ್ತು ಡೀನರ್ ಎಂಬ ಮನಃಶಾಸ್ತ್ರಜ್ಞರು 132 ದೇಶಗಳ ಸಮೀಕ್ಷೆ ನೋಡಿದಾಗ, ಬದುಕಿಗೆ ಅರ್ಥವಿದೆ ಎಂದವರು ಬಡ ದೇಶಗಳಲ್ಲೇ ಜಾಸ್ತಿ. ದೇವರು, ಧರ್ಮದ ನಂಟು ಅಲ್ಲಿ ಗಟ್ಟಿ ಎಂಬುದು ಅವರು ಕೊಟ್ಟ ಮುಖ್ಯ ಕಾರಣ. ಇರಬಹುದು. ಆದರೆ ಮನೆಗೆ ಬಂದವರು ಕೇಳಿದ್ದಕ್ಕೆಲ್ಲ ‘ಹೌದು’ ಅನ್ನುವ ಮರ್ಯಾದೆಯೂ ಕೆಲವು ಕಡೆ ಜಾಸ್ತಿ. ಇನ್ನು ಕೆಲವರಿಗೆ ತುಂಬಾ ಸುಖವಾಗಿದ್ದೇನೆ ಅಂದರೆ ದೃಷ್ಟಿಯಾಗುವ ಭಯ. ‘ಉಂಟು ಸುಮಾರಿಗೆ’ ಎಂದು, ‘ಒಪ್ಪುವುದೇ ಇಲ್ಲ’ ಎಂಬಲ್ಲಿಂದ ‘ಪೂರ್ತಿ ಒಪ್ಪುತ್ತೇನೆ’ ಎಂಬವರೆಗಿನ ಏಳು ಮೆಟ್ಟಿಲಿನಲ್ಲಿ ನಡುವಿನದ್ದಕ್ಕೆ ಬೆರಳಿಡುತ್ತಾರೆ. ನಿಮ್ಮ ಅಮ್ಮನ ಹಾಳೆಯಲ್ಲೂ ನಾಲ್ಕನೆಯ ಮೆಟ್ಟಿಲಿಗೆ ಆರು ಗುರುತು ಇವೆ, ಎಣಿಸಿದೆ.

ಆ ಹುಡುಗಿಯ ಮೇಲೆ ಸಿಟ್ಟು ಬೇಡ. ಇಂಥ ಹಾಳೆ ನೂರಾರು ಜನರ ಸರಾಸರಿ ನೋಡುವುದಕ್ಕೆ ಇರುವುದು, ಒಬ್ಬರನ್ನು ಪಾಸು ಫೇಲು ಮಾಡುವುದಕ್ಕಲ್ಲ. ಅವಳು ಅಂಕ ಹೇಳಲೇಬಾರದಿತ್ತು, ಅಷ್ಟೇ. ಮತ್ತೆ ಬಂದರೆ ಒಂದು ಪ್ರಶ್ನೆ ಸೇರಿಸಲು ಹೇಳಿ: ಜೋರು ಮಳೆಗೆ ಗಿಡದಲ್ಲಿ ಮೊಗ್ಗಿಲ್ಲದ ದಿನ ಎಷ್ಟು ಗಂಟೆಗೆ ಏಳುತ್ತೀರಿ, ಎದ್ದು ಏನು ಮಾಡುತ್ತೀರಿ? ಅಮ್ಮ ಏನಂದರು ಅಂತ ನಮಗೂ ಬರೆಯಿರಿ.